ಖಾಲಿ ಕೋಣೆಯ ಒಂದು ನಿಮಿಷ

ಒಬ್ಬರನ್ನು ನೆನೆದು ಹೀಗೆ ಬರೆಯಲು ಕುಳಿತರೆ ಓದುವವರು ಮೊದಲ ಸಾಲಿಗೇ ಮುಖ ಸಣ್ಣದು ಮಾಡಿಕೊಂಡು, ಪಾಪ, ಯಾವಾಗ ಹೋದರಂತೆ ಎಂದು ಕೇಳುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇವರು ಎಲ್ಲಿಗೂ ಹೋಗಿಲ್ಲ. ಆರ್‌ಪಿಸಿ ಲೇಔಟಿನ ಮನೆಯ ಮೊದಲ ಮಹಡಿಯಲ್ಲಿ ಹೆಂಡತಿಯ ಜೊತೆ ಜಗಳ ಆಡಿಕೊಂಡು ಆರಾಮವಾಗಿದ್ದಾರೆ. ಹೋದ ತಿಂಗಳು ಕೆಲಸದಿಂದ ನಿವೃತ್ತರಾದರು, ಅಷ್ಟೆ. ಅದೂ ಕಿವಿ ಕೇಳಿಸದೆ ಅಲ್ಲ. ಆಯುಷ್ಯವೆಲ್ಲ ಕಿವಿಯನ್ನೇ ನಂಬಿ ದುಡಿದ ಮನುಷ್ಯನಿಗೆ ಕೊನೆಗೆ ಕೈಕೊಟ್ಟದ್ದು ಮಂಡಿ. "ಕಿವಿ ಇನ್ನೂ ಇಪ್ಪತ್ತು ವರ್ಷ ಓಡತ್ತೆ ಅಂದ್ರು ಡಾಕ್ಟ್ರು. ಆದ್ರೆ ಅದನ್ನ ಹೊತ್ಕೊಂಡು ನಿಲ್ಲೋಕೆ ಕಾಲು ಬೇಡ್ವಾ" ಎಂದು ಫೋನಿನಲ್ಲಿ ನಕ್ಕರು. ಕಿವಿಯ ಪರೀಕ್ಷೆ ಎಂದು ಕೇಳಿ ಎರಡು ದಿನ ಸರಿಯಾಗಿ ಊಟ ಮಾಡದಿದ್ದ ನನಗೆ ಹೋದ ಜೀವ ಬಂದ ಹಾಗಾಯಿತು.

ಅವರ ಕೆಲಸ ಚಿತ್ರೀಕರಣದ ಜಾಗದಲ್ಲಿ ಶಬ್ದ ಹಿಡಿಯುವುದು. ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ, ಕೊರಳಿಗೆ ರೆಕಾರ್ಡರಿನ ಚೀಲ ನೇತುಹಾಕಿ, ಕಿವಿಗೆ ಹೆಡ್‌ಫೋನು ಏರಿಸಿ, ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಮೂಲೆಯಲ್ಲಿ ಒಬ್ಬರು ನಿಂತಿರುತ್ತಾರಲ್ಲ, ಅವರು. ಹೆಸರು ಬರೆಯಬೇಡ ಎಂದು ಕಟ್ಟಪ್ಪಣೆ ಮಾಡಿದ್ದಾರೆ. "ಸಿನಿಮಾ ಕೊನೇಲಿ ಹಾಕ್ತಾರಲ್ಲ, ಅದನ್ನೇ ಯಾರೂ ಓದಲ್ಲ. ಜನ ಆಗ್ಲೇ ಎದ್ದು ಚಪ್ಪಲಿ ಹುಡುಕ್ತಿರ್ತಾರೆ" ಎಂದರು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಬರೀ ಸಾರ್ ಎಂದು. ಇಲ್ಲಿಯೂ ಹಾಗೇ ಇರಲಿ.

ಸಾರ್ ಎಂದೂ ನೈಲಾನ್, ಟೆರಿಕಾಟ್ ಬಟ್ಟೆ ಹಾಕಿದವರಲ್ಲ. ಕೈ ಎತ್ತಿದರೆ ಸರಭರ ಅನ್ನುತ್ತದಂತೆ. ಹತ್ತು ಸಲ ಒಗೆದು ಮೆತ್ತಗಾದ ಹತ್ತಿ ಅಂಗಿ, ಕೈಗೆ ಗಡಿಯಾರ ಇಲ್ಲ, ಜೇಬಿನಲ್ಲಿ ಬೀಗದಕೈ ಇಲ್ಲ, ಕಾಲಿನ ಚಪ್ಪಲಿ ಬಾಗಿಲಲ್ಲೇ. ಅವರ ಚೀಲದಲ್ಲಿ ಹಳೆಯ ಬನಿಯನ್ ಹರಿದು ಮಾಡಿದ ತುಂಡುಗಳ ದೊಡ್ಡ ಗಂಟೇ ಇರುತ್ತಿತ್ತು. ಕಿರುಗುಟ್ಟುವ ಕುರ್ಚಿಯ ಕಾಲಿಗೆ ಒಂದು, ಊಟದ ತಟ್ಟೆಯ ಅಡಿಗೆ ಒಂದು, ನಾಯಕಿಯ ಗಾಜಿನ ಬಳೆಗಳ ನಡುವೆ ಒಂದು. ಗಮನವಿಟ್ಟು ಕೇಳುವಾಗ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹೊಸದಾಗಿ ಬಂದ ನಟಿಯೊಬ್ಬಳು, ಆ ಅಂಕಲ್ ಬೆಳಗ್ಗೆಯಿಂದ ಕಣ್ಣು ಹೊಡೆಯುತ್ತಿದ್ದಾರೆ ಎಂದು ಮ್ಯಾನೇಜರಿಗೆ ದೂರು ಕೊಟ್ಟಿದ್ದಳು. ಸಾರ್ ಅವಳನ್ನು ಕರೆದು ಅವಳ ಕಿವಿಗೆ ಹೆಡ್‌ಫೋನು ಹಾಕಿ ತಮ್ಮ ಮೈಕನ್ನು ಎದುರುಮನೆಯ ಕಡೆ ತಿರುಗಿಸಿದರು. ಎದುರುಮನೆಯವರು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು. ಒಂದೇ ನಿಮಿಷಕ್ಕೆ ಆ ಹುಡುಗಿಯ ಎಡಗಣ್ಣೂ ಮುಚ್ಚಿಕೊಂಡಿತು.

ನಾನು ಅವರನ್ನು ನೋಡಿದ್ದು ಒಂದು ಧಾರಾವಾಹಿಯಲ್ಲಿ ಸಹಾಯಕ ನಿರ್ದೇಶಕಿಯಾಗಿದ್ದಾಗ. ಅಲ್ಲಿ ನಟರ ಮಾತನ್ನೆಲ್ಲ ಆಮೇಲೆ ಡಬ್ಬಿಂಗ್‌ನಲ್ಲಿ ಹೊಸದಾಗಿ ಸೇರಿಸುತ್ತಿದ್ದರು. ಸ್ಥಳದಲ್ಲಿ ಹಿಡಿದ ಶಬ್ದ ಡಬ್ಬಿಂಗ್ ಮಾಡುವವರಿಗೆ ಗುರುತಿಗೆ ಮಾತ್ರ, ಆಮೇಲೆ ಕಸದ ಬುಟ್ಟಿಗೆ. ಹಾಗಾಗಿ ಶಾಟ್ ನಡೆಯುವಾಗಲೇ ನಮ್ಮ ನಿರ್ದೇಶಕರು ಕ್ಯಾಮೆರಾ ಪಕ್ಕದಿಂದ ಕೂಗುತ್ತಿದ್ದರು: "ಈಗ ತಿರುಗು, ಕಣ್ಣೀರು, ಹಾಂ, ಬಾಗಿಲು ನೋಡು." ನಾನೂ ಅದನ್ನೇ ಕಲಿತೆ. ಇಂಥ ಗದ್ದಲದ ನಡುವೆಯೂ ಸಾರ್ ಎಸೆಯುವ ಶಬ್ದವನ್ನು ಅಷ್ಟೇ ನಿಷ್ಠೆಯಿಂದ ಹಿಡಿಯುತ್ತಿದ್ದರು. ನನಗೆ ಅದು ತಲೆಹರಟೆ ಎನಿಸುತ್ತಿತ್ತು. ಎಲ್ಲರೂ ಬೇಗ ಮುಗಿಸಿ ಮನೆಗೆ ಹೋಗುವ ತವಕದಲ್ಲಿದ್ದರೆ ಈ ಮನುಷ್ಯ ಫ್ಯಾನ್ ಆಫ್ ಮಾಡಿ ಎನ್ನುತ್ತಿದ್ದರು, ಏಪ್ರಿಲ್ ಬಿಸಿಲಿನಲ್ಲಿ.

ಒಂದು ಸಲ ನಾನು ಮೊಬೈಲಿನಲ್ಲಿ ತೆಗೆದ ನಮ್ಮಮ್ಮನ ವಿಡಿಯೋ ತೋರಿಸಿದೆ. ವಿಜಯನಗರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮಧ್ಯೆ ಒಮ್ಮೆ ತಲೆ ಎತ್ತಿ, ಮತ್ತೆ ತಗ್ಗಿಸುತ್ತಿದ್ದಳು. ಅಷ್ಟೇ ಇದ್ದದ್ದು. ಸಾರ್ ಅದರ ಶಬ್ದ ತೆಗೆದುಹಾಕಿ ದೂರದಿಂದ ಒಂದು ಬೈಕು ಹತ್ತಿರ ಬಂದು, ಮನೆ ಮುಂದೆ ನಿಧಾನವಾಗಿ, ನಿಲ್ಲದೆ ಮುಂದಕ್ಕೆ ಹೋಗುವ ಸದ್ದು ಕೂಡಿಸಿದರು. ಮತ್ತೆ ನೋಡಿದೆ. ಅಮ್ಮ ಯಾರಿಗಾಗಿಯೋ ವರ್ಷಗಟ್ಟಲೆ ಕಾದಿದ್ದಾಳೆ. ಆಮೇಲೆ ಬೈಕು ತೆಗೆದು ಒಳಗಿನಿಂದ ಮಗು ಅಳುವ ಸದ್ದು ಹಾಕಿದರು. ಈಗ ಅದೇ ಅಮ್ಮ ಕಲ್ಲೆದೆಯವಳು. ಚಿತ್ರ ಒಂದು ಕೂದಲಿನಷ್ಟೂ ಬದಲಾಗಿರಲಿಲ್ಲ.

"ಕಣ್ಣು ತೋರಿಸಿದ್ದನ್ನ ನೋಡತ್ತೆ ಕಣಮ್ಮ. ಅದಕ್ಕೆ ಏನರ್ಥ ಅಂತ ಕಿವಿ ಹೇಳ್ಕೊಡತ್ತೆ" ಎಂದರು ಸಾರ್.

ಮನೆಗೆ ಬಂದು ಅಮ್ಮನಿಗೆ ಬೈಕಿನ ವಿಡಿಯೋ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, "ಅಯ್ಯೋ, ನಾನೆಲ್ಲಿ ಯಾರನ್ನ ಕಾಯ್ತಿದ್ದೆ? ಹುಳ ಇದ್ಯಾ ಅಂತ ಬೆಳಕಿಗೆ ಹಿಡಿದು ನೋಡ್ತಿದ್ದೆ" ಎಂದಳು. ಕನ್ನಡಕ ಒರೆಸಿ ಮತ್ತೆ ಏರಿಸಿಕೊಂಡು, "ಇನ್ನೊಂದ್ಸಲ ಹಾಕು" ಎಂದಳು.

ಇನ್ನು ಅವರ ಆ ಒಂದು ನಿಮಿಷದ ವಿಷಯ. ಯಾವ ಕೋಣೆಯಲ್ಲಿ ಚಿತ್ರೀಕರಣ ಮುಗಿದರೂ ಸಾರ್ ಕೈ ಎತ್ತಿ "ಒಂದ್ನಿಮಿಷ, ಯಾರೂ ಅಲ್ಲಾಡ್ಬೇಡಿ" ಎನ್ನುತ್ತಿದ್ದರು. ಎಲ್ಲರೂ ಇದ್ದಲ್ಲೇ ಬಾಯಿ ಮುಚ್ಚಿ ನಿಲ್ಲಬೇಕು. ಅವರು ಏನೂ ನಡೆಯದ ಆ ಕೋಣೆಯನ್ನು ಒಂದು ನಿಮಿಷ ರೆಕಾರ್ಡ್ ಮಾಡುತ್ತಿದ್ದರು. ಯೂನಿಟ್ಟಿನವರು ಅದನ್ನು ಶ್ರದ್ಧಾಂಜಲಿ ಎಂದು ಕರೆಯುತ್ತಿದ್ದರು. ಖಾಲಿ ಕೋಣೆಯಲ್ಲಿ ಏನು ಸಾರ್ ಇರುತ್ತೆ ಎಂದು ಒಮ್ಮೆ ಕೇಳಿದ್ದೆ. "ಒಂದೊಂದು ಕೋಣೆ ಒಂದೊಂದು ಥರ ಸುಮ್ನಿರತ್ತೆ. ಕೆಂಪು ನೆಲದ್ದು ಬೇರೆ, ಟೈಲ್ಸಿಂದು ಬೇರೆ. ಸಿನಿಮಾದಲ್ಲಿ ಸುಮ್ನಿರೋದನ್ನೂ ತಂದು ಹಾಕ್ಬೇಕು. ಬರೀ ಸೊನ್ನೆ ಇಟ್ರೆ ಜನ ಏನ್ಮಾಡ್ತಾರೆ ಗೊತ್ತಾ? ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ಕಿಂಡಿ ನೋಡ್ತಾರೆ, ಸೌಂಡ್ ಕೆಟ್ಟೋಯ್ತು ಅಂತ. ಒಂದು ತಲೆ ತಿರುಗಿದ್ರೂ ನಾನು ಸೋತೆ ಅಂತ ಲೆಕ್ಕ" ಎಂದಿದ್ದರು. ಕೇಳಿಸಿಕೊಂಡೆ, ತಲೆಗೆ ಹಚ್ಚಿಕೊಳ್ಳಲಿಲ್ಲ.

ಕೆಲವು ವರ್ಷಗಳ ಮೇಲೆ ನಾನೇ ಒಂದು ಸಿನಿಮಾ ಮಾಡಲು ಹೊರಟೆ. ಒಂದೇ ಮನೆಯಲ್ಲಿದ್ದು ಮೂರು ವರ್ಷದಿಂದ ಮಾತು ಬಿಟ್ಟಿರುವ ಅಪ್ಪ ಮತ್ತು ಮಗಳ ಕಥೆ. ಕೊನೆಯ ದೃಶ್ಯದಲ್ಲಿ ಇಬ್ಬರೂ ನೆಲದ ಮೇಲೆ ಊಟಕ್ಕೆ ಕೂತಿರುತ್ತಾರೆ. ಅಪ್ಪ ಹುಳಿಯ ಸೌಟು ಎತ್ತುತ್ತಾನೆ, ತಡೆಯುತ್ತಾನೆ, ನಲವತ್ತು ಸೆಕೆಂಡು ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಅಪ್ಪ "ಇನ್ನೊಂದು ಸೌಟು ಹಾಕ್ಲಾ?" ಎಂದು ಕೇಳುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು. ಹೇಳಿದರೆ ನಗುತ್ತೀರಿ, ಇಡೀ ಸಿನಿಮಾ ಬರೆದದ್ದೇ ಆ ನಲವತ್ತು ಸೆಕೆಂಡಿಗಾಗಿ. ಇದರಲ್ಲಿ ಡಬ್ಬಿಂಗ್ ಬೇಡ, ಸ್ಥಳದಲ್ಲಿ ಹಿಡಿದ ಶಬ್ದವೇ ಇರಲಿ ಎಂದು ತೀರ್ಮಾನಿಸಿ ಸಾರ್ ಹತ್ತಿರ ಹೋದೆ. ಕಥೆ ಕೇಳಿ ಅವರು ಒಂದೇ ಮಾತು ಹೇಳಿದರು. "ಆ ಊಟದ ಸೀನಲ್ಲಿ ಕ್ಯಾಮೆರಾ ಮುಖದ ಹತ್ರ ತಗೊಂಡು ಹೋಗ್ಬೇಡ. ಹತ್ರ ಹೋದ್ರೆ ಜನ ಮುಖ ನೋಡ್ತಾರೆ. ದೂರ ಇದ್ರೆ ಇಬ್ರ ಮಧ್ಯ ಇರೋ ಜಾಗ ನೋಡ್ತಾರೆ. ಆಗ ಕಿವಿ ತೆರ್ಕೊಳತ್ತೆ."

ಬಸವೇಶ್ವರನಗರದಲ್ಲಿ ಕೆಂಪು ನೆಲದ ಒಂದು ಹಳೆಯ ಮನೆ ನಾಲ್ಕು ದಿನಕ್ಕೆ ಸಿಕ್ಕಿತು. ಮನೆಯ ಯಜಮಾನಿ ಆಂಟಿ ಬಹಳ ಒಳ್ಳೆಯವರು, ಬೇಡ ಎಂದರೂ ಹದಿನೈದು ಜನಕ್ಕೆ ಕಾಫಿ ಮಾಡಿ ತರುತ್ತಿದ್ದರು. ಮೊದಲ ದಿನ ಹಜಾರದ ಕೆಲಸ ಮುಗಿಯಿತು. ಸಾರ್ ಕೈ ಎತ್ತಿದರು. ಎಲ್ಲರೂ ಕೈಕಟ್ಟಿ, ತಲೆ ತಗ್ಗಿಸಿ ನಿಂತೆವು. ಅದೇ ಹೊತ್ತಿಗೆ ಆಂಟಿ ಕಾಫಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದರು. ಹದಿನೈದು ಜನ ಹಾಗೆ ನಿಂತಿದ್ದನ್ನು ಕಂಡು ಅವರು ಗಕ್ಕನೆ ನಿಂತರು, ಲೋಟಗಳು ಗಲಗಲ ಅಂದವು.

"ಯಾರು ಹೋದ್ರಮ್ಮ?" ಎಂದು ನನ್ನನ್ನು ಕೇಳಿದರು.

ಯಾರೂ ಇಲ್ಲ ಆಂಟಿ, ಕೋಣೆಯ ಸದ್ದು ಹಿಡಿಯುತ್ತಿದ್ದೇವೆ ಎಂದು ವಿವರಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ. "ಈ ವಾರ ನಮ್ಮ ಹುಡುಗಿ ನಿಶ್ಚಿತಾರ್ಥ ಕಣಮ್ಮ, ಇದೇ ಮನೇಲಿ. ಹೀಗೆ ಮೌನಾಚರಣೆ ಮಾಡ್ದಂಗೆ ನಿಂತ್ಕೊಂಡ್ರೆ ಮನಸ್ಸಿಗೆ ಏನೋ ಆಗತ್ತೆ. ಏನು ಬೇಕಾದ್ರೂ ಮಾಡ್ಕೊಳ್ಳಿ, ಇದೊಂದು ಬೇಡ" ಎಂದು ದೇವರಮನೆಗೆ ಹೋಗಿ ದೀಪ ಹಚ್ಚಿ ಗಂಟೆ ಬಾರಿಸಿದರು. ಕೂತ್ಕೊಂಡು ಮಾಡ್ತೀವಿ ಎಂದು ಸಾರ್ ಕೇಳಿ ನೋಡಿದರು. ಕೂತರೂ ಅಷ್ಟೇ ಎಂದರು ಆಂಟಿ. ನಾನು ಅವರ ಕೈ ಹಿಡಿದು, ಇನ್ನು ಮಾಡಲ್ಲ ಎಂದು ಮಾತು ಕೊಟ್ಟೆ.

ಆ ನಾಲ್ಕು ದಿನ ನಾನು ಎಷ್ಟು ಹೆದರಿದ್ದೆ ಎಂದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಎಲ್ಲರಿಗೂ ಗೊತ್ತಿತ್ತು. ಕ್ಲಾಪ್ ಹೊಡೆದ ತಕ್ಷಣ ನಿರ್ದೇಶಕರು ಆಕ್ಷನ್ ಎನ್ನಬೇಕು. ನನಗೆ ಬಾಯೇ ಬರುತ್ತಿರಲಿಲ್ಲ. ಕ್ಲಾಪ್ ಆದ ಮೇಲೆ ಮೂರು ಸೆಕೆಂಡು, ಕೆಲವೊಮ್ಮೆ ಐದು ಸೆಕೆಂಡು ಸುಮ್ಮನೆ ನಿಂತುಬಿಡುತ್ತಿದ್ದೆ. ಎಲ್ಲ ಸರಿಯಾಗಿದೆಯೇ, ಏನಾದರೂ ಮರೆತೆನೇ ಎಂದು ಮನಸ್ಸಿನಲ್ಲೇ ಪಟ್ಟಿ ಓದುತ್ತಿದ್ದೆ. ಅಷ್ಟು ಹೊತ್ತೂ ನಟರು, ಲೈಟಿನವರು, ಎಲ್ಲರೂ ನನ್ನ ಬಾಯಿ ನೋಡುತ್ತ ನಿಂತಿರುತ್ತಿದ್ದರು. "ಮೇಡಂ ಕ್ಲಾಪಿಗೂ ಆಕ್ಷನ್‌ಗೂ ಮಧ್ಯ ಒಂದು ಟೀ ಕುಡ್ಕೊಂಡು ಬರ್ಬೋದು ಗುರು" ಎಂದು ಕ್ಯಾಮೆರಾದವನು ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೇಕೆಂದೇ ಹೇಳಿದ್ದನೋ ಏನೋ, ಬಡ್ಡೀಮಗ.

ಕೊನೆಯ ದಿನ ಊಟದ ಕೋಣೆಯ ದೃಶ್ಯ. ಅಪ್ಪನ ಪಾತ್ರಕ್ಕೆ ರಂಗಭೂಮಿಯ ಒಬ್ಬ ಹಿರಿಯರು ಬಂದಿದ್ದರು. ಕ್ಯಾಮೆರಾವನ್ನು ಅಡುಗೆಮನೆಯ ಹೊಸ್ತಿಲ ಮೇಲೆ ತಗ್ಗಿನಲ್ಲಿ ಇಟ್ಟೆವು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಮಗಳು, ನಡುವೆ ಖಾಲಿ ಕೆಂಪು ನೆಲ. ಬೆಳಗ್ಗೆಯಿಂದ ಆ ಕೋಣೆಯಲ್ಲಿ ಎಲ್ಲ ಸೇರಿ ಹತ್ತೊಂಬತ್ತು ಟೇಕ್ ತೆಗೆದೆವು. ಅವುಗಳಲ್ಲಿ ಒಂದರಲ್ಲಿ ಆ ಹಿರಿಯರ ಕೈ ಸೌಟಿನ ಮೇಲೆ ನಿಂತ ರೀತಿ ಕಂಡು ನನ್ನ ಮೈ ಜುಮ್ಮೆಂದಿತು. ಮುಗಿಯಿತು, ಸಿಕ್ಕಿತು ಎಂದು ಚಪ್ಪಾಳೆ ತಟ್ಟಿದೆ.

ಸಾರ್ ಹತ್ತಿರ ಬಂದರು. ಸೆಟ್ಟಿನಲ್ಲಿ ಎಲ್ಲರೆದುರು ಅವರು ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು. "ಮೇಡಂ, ಬೇರೆ ರೂಮು ಬಿಡಿ. ಈ ರೂಮಿಗೆ ಒಂದು ನಿಮಿಷ ಬೇಕೇ ಬೇಕು. ಎಲ್ರೂ ಹೊರಗೆ ಹೋಗಿ, ನಾನೊಬ್ನೇ ಮೂಲೇಲಿ ಕೂತಿರ್ತೀನಿ." ಬಾಗಿಲಲ್ಲಿ ಆಂಟಿ ನಿಂತಿದ್ದರು. ಗೇಟಿನಲ್ಲಿ ಶಾಮಿಯಾನದವರು ಕಂಬ ಇಳಿಸುತ್ತಿದ್ದರು. ನಾನು ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಇದೆಲ್ಲ ನೆಪ, ನನಗೆ ಗೊತ್ತು.

"ಸಾರ್, ಏನೂ ಇಲ್ಲದ್ದನ್ನ ರೆಕಾರ್ಡ್ ಮಾಡೋಕೆ ನನ್ನ ಹತ್ರ ಟೈಮ್ ಇಲ್ಲ. ಪ್ಯಾಕ್ ಮಾಡ್ಕೊಳ್ಳಿ" ಎಂದೆ. ಜೋರಾಗಿಯೇ ಎಂದೆ. ಯೂನಿಟ್ಟೆಲ್ಲ ತಿರುಗಿ ನೋಡಿತು.

"ಆಯ್ತು ಮೇಡಂ" ಎಂದಷ್ಟೇ ಹೇಳಿ ಅವರು ಕೇಬಲ್ ಸುತ್ತತೊಡಗಿದರು. ಎಂದಿನಂತೆ ಒಂದೇ ಅಳತೆಯ ಸುತ್ತು, ಒಂದರ ಮೇಲೊಂದು. ಆಮೇಲೆ ಬೀದಿಯಲ್ಲಿ ಸಿಕ್ಕಾಗಲೂ ನನ್ನನ್ನು ನೀವು, ಮೇಡಂ ಎಂದೇ ಮಾತಾಡಿಸಿದರು. ನೀನು, ಕಣಮ್ಮ ಎಲ್ಲ ನಿಂತುಹೋಯಿತು.

ರಾಜಾಜಿನಗರದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಕಲನ ಶುರುವಾಯಿತು. ಸಂಕಲನಕಾರ ಆ ಟೇಕ್ ಹಾಕಿ, ಶಬ್ದ ಏರಿಸಿದ. ಅಪ್ಪ ಸೌಟು ಎತ್ತಿದ, ಕೈ ನಿಂತಿತು. ಅಷ್ಟರಲ್ಲಿ ಒಂದು ಹೆಣ್ಣು ದನಿ. "ಹಾಂ ಸಾರ್... ತಟ್ಟೆ ನೋಡಿ... ಕೈ ಅಲ್ಲೇ ಇರ್ಲಿ... ಈಗ ಅವಳನ್ನ ನೋಡ್ಬೇಡಿ..." ನಲವತ್ತು ಸೆಕೆಂಡೂ ಆ ದನಿ ಗೊಣಗುತ್ತಲೇ ಇತ್ತು. ಆ ದನಿ ನನ್ನದು. ಧಾರಾವಾಹಿಯ ಚಟ. ಡಬ್ಬಿಂಗ್ ಇಲ್ಲದ ಸಿನಿಮಾ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ ಶಾಟಿನ ಮಧ್ಯೆ ಮಾತಾಡಿದ್ದೆ. ಅವತ್ತು ಎಚ್ಚರಿಸುವವರು ಯಾರೂ ಇರಲಿಲ್ಲವೇ ಎಂದರೆ, ಸಾರ್ ಬೆಳಗ್ಗೆಯಿಂದ ಎರಡು ಸಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ್ದು ನೆನಪಾಯಿತು. ಬೇರೆ ಯಾರಿಗೋ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಬೇರೆ ಟೇಕ್‌ಗಳಲ್ಲಿ ಆ ಕೈ ಹಾಗೆ ನಿಂತಿರಲಿಲ್ಲ. ಆ ಹಿರಿಯರನ್ನು ಮತ್ತೆ ಕರೆಸುವಂತಿರಲಿಲ್ಲ, ಮನೆಯೂ ಸಿಗುವಂತಿರಲಿಲ್ಲ. ಒಂದು ಚಿತ್ರೋತ್ಸವಕ್ಕೆ ಸಿನಿಮಾ ಕಳಿಸಲು ಒಂಬತ್ತು ದಿನ ಉಳಿದಿತ್ತು. ನನ್ನ ದನಿ ಅಳಿಸಿ ಬರೀ ಸೊನ್ನೆ ಇಟ್ಟು ನೋಡಿದೆವು. ಊಟದ ಡಬ್ಬಿ ತಂದಿದ್ದ ಸಂಕಲನಕಾರನ ಹೆಂಡತಿ ಸ್ಪೀಕರಿನ ಕಡೆ ತಿರುಗಿ, "ರೀ, ವೈರ್ ಕಿತ್ತೋಯ್ತಾ ನೋಡಿ" ಎಂದಳು. ಹಜಾರದ ದೃಶ್ಯದಿಂದ ಒಂದಿಷ್ಟು ಮೌನ ತಂದು ಹಾಕಿದೆವು. ಅಪ್ಪ ಮಗಳು ಇದ್ದಕ್ಕಿದ್ದ ಹಾಗೆ ಬೇರೆ ಮನೆಗೆ ಹೋಗಿ ಕೂತಂತಾಯಿತು. ಕೊಳಲು ಹಾಕಿದೆವು. ಕೊಳಲು ಕೇಳಿ ನನಗೇ ಅಳು ಬಂತು, ಕಥೆಗಲ್ಲ, ಸಿನಿಮಾ ಕೆಟ್ಟದ್ದಕ್ಕೆ. ಆ ಕೋಣೆಯ ಒಂದೇ ಒಂದು ನಿಮಿಷ ಇದ್ದಿದ್ದರೆ ನನ್ನ ದನಿಯ ಜಾಗಕ್ಕೆ ಅದನ್ನು ಕೂಡಿಸಬಹುದಿತ್ತು. ಆ ನಿಮಿಷವನ್ನು ಬೇಡ ಎಂದವಳು ನಾನು.

ಮಾರನೆಯ ಬೆಳಗ್ಗೆ ಆರ್‌ಪಿಸಿ ಲೇಔಟಿಗೆ ಹೋದೆ. ಬಾಗಿಲು ತೆರೆದ ಅವರ ಹೆಂಡತಿ ನನ್ನ ಮುಖ ನೋಡಿ, "ಬಾಮ್ಮ. ಒಳಗೆ ಮೈಕ್ ಬಿಚ್ಚಿಟ್ಕೊಂಡು ಕೂತಿದಾರೆ, ನನ್ನ ಮಾತೇ ಕೇಳಿಸಲ್ಲ, ನಿಂದು ಕೇಳಿಸ್ಬೋದು" ಎಂದರು. ಸಾರ್ ತಲೆ ಎತ್ತಿ "ಹೇಳಿ ಮೇಡಂ" ಎಂದರು. ಆ ಮೇಡಂಗಿಂತ ಎರಡು ಬೈದಿದ್ದರೆ ವಾಸಿಯಾಗಿತ್ತು. ಲ್ಯಾಪ್‌ಟಾಪು ಮುಂದಿಟ್ಟೆ. ಅವರು ಹೆಡ್‌ಫೋನು ಹಾಕಿಕೊಂಡು, ಎಡಗಣ್ಣು ಮುಚ್ಚಿ, ನನ್ನ ಗೊಣಗಾಟವನ್ನು ಮೊದಲಿಂದ ಕೊನೆಯವರೆಗೆ ಕೇಳಿದರು. ನಗಲಿಲ್ಲ, ಬಯ್ಯಲಿಲ್ಲ. "ಆಂಟಿ ಮನೇಗೆ ಒಂದ್ಸಲ ಹೋಗಿ ನೋಡೋಣ ನಡೀರಿ" ಎಂದು ಚೀಲ ತೆಗೆದುಕೊಂಡರು.

ಆಂಟಿ ಖುಷಿಯಾಗಿದ್ದರು. ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿದಿತ್ತು. ಚಿರೋಟಿ ಕೊಟ್ಟು, "ಈಗ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ" ಎಂದರು. ಊಟದ ಕೋಣೆಗೆ ಹೋದೆವು. ಗೋಡೆಗೆ ದೊಡ್ಡ ಹೊಸ ಫ್ರಿಜ್ ಬಂದಿತ್ತು, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಚಾಪೆ. ಎದುರು ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಆಂಟಿ ಫ್ರಿಜ್ ಆರಿಸಿದರು, ಪರದೆ ಬಿಚ್ಚಿದರು, ಪಾಯದವರಿಗೆ ಹೇಳಿ ಕೆಲಸವನ್ನೂ ಸ್ವಲ್ಪ ನಿಲ್ಲಿಸಿದರು. ಸಾರ್ ರೆಕಾರ್ಡ್ ಮಾಡಿಕೊಂಡು, ಹಳೆಯದರ ಪಕ್ಕ ಇಟ್ಟು ಕೇಳಿ, ಹೆಡ್‌ಫೋನು ತೆಗೆದರು.

"ಮನೆ ಅದೇ. ರೂಮು ಅದಲ್ಲ" ಎಂದರು.

ವಾಪಸ್ ಬರುವಾಗ ಒಂದು ದರ್ಶಿನಿಯ ಮುಂದೆ ಸ್ಕೂಟರ್ ನಿಲ್ಲಿಸಿದರು. ನಿಂತುಕೊಂಡೇ ಕಾಫಿ ಕುಡಿದೆವು. "ಸಾರ್, ತಪ್ಪಾಯ್ತು. ಅವತ್ತು ಎಲ್ರ ಮುಂದೆ ಹಾಗೆ ಅನ್ಬಾರ್ದಿತ್ತು" ಎಂದೆ. ಅವರು ಲೋಟ ಕೆಳಗಿಡುತ್ತ, "ಅದಿರ್ಲಿ. ಆ ರೂಮಲ್ಲಿ ಒಟ್ಟು ಎಷ್ಟು ಟೇಕ್ ತೆಗೆದ್ರಿ?" ಎಂದು ಕೇಳಿದರು. ಹತ್ತೊಂಬತ್ತು ಎಂದೆ. ಅವರು ಬೇಸಿನ್ನಿನ ಕಡೆ ನೋಡುತ್ತ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದರು. ಅವರ ಎಡಗಣ್ಣು ನಿಧಾನವಾಗಿ ಮುಚ್ಚಿಕೊಂಡಿತು. "ನಾಳೆ ಸಂಜೆ ಬನ್ನಿ" ಎಂದರು.

ಮರುದಿನ ಸಂಜೆ ಅವರ ಮನೆಯಲ್ಲಿ ಆ ದೃಶ್ಯ ಹಾಕಿದರು. ಅಪ್ಪ ಸೌಟು ಎತ್ತಿದ, ಕೈ ನಿಂತಿತು. ನನ್ನ ದನಿ ಇರಲಿಲ್ಲ. ಅದರ ಜಾಗದಲ್ಲಿ ಆ ಕೋಣೆ ಇತ್ತು. ಅದೇ ಕೆಂಪು ನೆಲ, ಅದೇ ಮಧ್ಯಾಹ್ನ, ಎಲ್ಲೋ ಬಹಳ ದೂರದಲ್ಲಿ ಒಂದು ಕಾಗೆ. ಕೋಣೆ ಇವರಿಬ್ಬರಿಗಾಗಿ ಕಾಯುತ್ತಿತ್ತು. ಮಗಳು ಒಂದು ಸಣ್ಣ ಉಸಿರು ಎಳೆದುಕೊಂಡಳು. ಅಪ್ಪ "ಇನ್ನೊಂದು ಸೌಟು ಹಾಕ್ಲಾ?" ಎಂದ.

ಎಲ್ಲಿಂದ ತಂದಿರಿ ಎಂದು ಕೇಳಿದೆ.

ಸಾರ್ ಅವತ್ತಿನ ಮೂಲ ರೆಕಾರ್ಡಿಂಗ್ ಹಾಕಿದರು. ಟಪ್ ಎಂದು ಕ್ಲಾಪ್. ಆಮೇಲೆ ಏನೂ ಇಲ್ಲ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ನನ್ನ ನಡುಗುವ ದನಿ, "ಆಕ್ಷನ್." ಇನ್ನೊಂದು ಹಾಕಿದರು. ಕ್ಲಾಪ್, ಐದು ಸೆಕೆಂಡು ಏನೂ ಇಲ್ಲ, ಆಕ್ಷನ್. ಸಂಕಲನದಲ್ಲಿ ಈ ತುದಿಗಳನ್ನು ನಾಚಿಕೆಯಿಂದ ನಾನೇ ಮೊದಲು ಕತ್ತರಿಸಿ ಎಸೆದಿದ್ದೆ.

"ಬೇರೆ ಡೈರೆಕ್ಟ್ರು ಕ್ಲಾಪ್ ಬೀಳೋಕ್ಮುಂಚೆ ಆಕ್ಷನ್ ಅಂತಾರೆ. ನೀನು ಹೆದ್ರಿಕೊಂಡು ನಿಂತ್ಕೋತಿದ್ದೆ ನೋಡು, ಅಷ್ಟು ಹೊತ್ತು ಹದಿನೈದು ಜನ ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತಿದ್ರು. ನಾನು ಕೈ ಎತ್ತಿ ಕೇಳಿದ್ರೂ ಅಷ್ಟು ಚೆನ್ನಾಗಿ ಯಾರೂ ಸುಮ್ನಿರಲ್ಲ ಕಣಮ್ಮ" ಎಂದರು. "ಹತ್ತೊಂಬತ್ತು ಟೇಕಿಂದು ಪೋಣಿಸ್ದೆ. ನಿಮಿಷದ ಮೇಲೇ ಸಿಕ್ತು. ಸೌಟಿನ ಸದ್ದು ಮಾತ್ರ ನಮ್ಮನೇದು, ಇವಳು ಹುಳಿ ಕಲಕ್ತಿದ್ದಾಗ ಹಿಡಿದೆ."

ನೀನು ಎಂದಿದ್ದರು. ಕಣಮ್ಮ ಎಂದಿದ್ದರು. ನಾನು ಅವರೆದುರೇ ಅತ್ತುಬಿಟ್ಟೆ. ಇಷ್ಟು ದಿನದ ಭಾರವೆಲ್ಲ ಇಳಿದ ಹಾಗಾಗಿ ಅಳುತ್ತಲೇ ನಗು ಬಂತು. ಅವರ ಹೆಂಡತಿ ಅಡುಗೆಮನೆಯಿಂದ ಇಣುಕಿ, "ನನ್ನ ಸೌಟಿಗೂ ಹೆಸರು ಹಾಕಮ್ಮ ಸಿನಿಮಾದಲ್ಲಿ" ಎಂದರು.

"ಇನ್ನೊಂದು ವಿಷ್ಯ" ಎಂದರು ಸಾರ್. "ಆ ಉಸಿರು ಇದ್ಯಲ್ಲ, ಅದು ಆ ಹುಡುಗೀದಲ್ಲ. ನಿಂದು. ಹನ್ನೊಂದನೇ ಟೇಕಲ್ಲಿ ಆಕ್ಷನ್ ಅನ್ನೋಕ್ಮುಂಚೆ ಎಳ್ಕೊಂಡಿದ್ದೆ. ತೆಗೀಬೇಕು ಅಂತಿದ್ದೆ. ಇರ್ಲಿ ಬಿಡು ಅನ್ನಿಸ್ತು. ಹೆದರಿದೋರ ಉಸಿರು ಹೆದರಿದೋರಿಗೇ ಚೆನ್ನಾಗಿ ಹೊಂದ್ಕೊಳತ್ತೆ."

ಸಿನಿಮಾವನ್ನು ಮೊದಲು ಒಂದು ಚಿಕ್ಕ ಸಭಾಂಗಣದಲ್ಲಿ ನಮ್ಮವರಿಗೇ ತೋರಿಸಿದೆವು. ಆಂಟಿ ರೇಷ್ಮೆ ಸೀರೆ ಉಟ್ಟು ಮಗಳು, ಭಾವೀ ಅಳಿಯನ ಸಮೇತ ಬಂದಿದ್ದರು. ನಮ್ಮಮ್ಮನೂ ಬಂದಿದ್ದಳು. ಸಾರ್ ಮುಂದಿನ ಸಾಲಿನ ತುದಿಯಲ್ಲಿ ಪರದೆಗೆ ಬೆನ್ನು ಹಾಕಿ ಕೂತರು. ಸಿನಿಮಾ ನೋಡಲು ಬಂದವರಲ್ಲ ಅವರು, ತಲೆಗಳನ್ನು ನೋಡಲು ಬಂದವರು. ನಾನು ಗೋಡೆಗೆ ಒರಗಿ ಅವರನ್ನೇ ನೋಡುತ್ತಿದ್ದೆ. ಊಟದ ದೃಶ್ಯ ಬಂತು. ಸೌಟು ಎದ್ದಿತು. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಒಬ್ಬರೂ ಕೆಮ್ಮಲಿಲ್ಲ. ಒಂದು ತಲೆಯೂ ಹಿಂದಕ್ಕೆ ತಿರುಗಲಿಲ್ಲ. ಆಂಟಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅಪ್ಪ ಮಾತಾಡಿದ. ಸಾರ್ ನನ್ನ ಕಡೆ ನೋಡಿ ಎಡಗಣ್ಣು ಮುಚ್ಚಿದರು. ಈ ಸಲ ಅದು ಕಣ್ಣು ಹೊಡೆದದ್ದೇ.

ಆಚೆ ಕಾಫಿ ಕುಡಿಯುವಾಗ ಎಲ್ಲರೂ ಮಗಳ ಪಾತ್ರದ ಹುಡುಗಿಯನ್ನು ಹೊಗಳಿದರು. ಆ ಒಂದು ಉಸಿರಿನಲ್ಲೇ ಎಲ್ಲ ಹೇಳಿಬಿಟ್ಟಳು ಎಂದರು. ಅವಳು ನನ್ನ ಹತ್ತಿರ ಬಂದು, "ಮೇಡಂ, ನಾನು ಹಾಗೆ ಉಸಿರು ಎಳ್ಕೊಂಡಿದ್ದು ನನಗೇ ನೆನಪಿಲ್ಲ" ಎಂದಳು. ನಾನು ಸುಮ್ಮನೆ ಅವಳ ಬೆನ್ನು ತಟ್ಟಿದೆ. ಆಂಟಿ ಮಾತ್ರ ಸಾರ್ ಹತ್ತಿರ ಹೋಗಿ, "ನಮ್ಮನೆ ಅಷ್ಟು ನಿಶ್ಶಬ್ದ ಇತ್ತಾ ಸಾರ್? ನನಗೆ ಗೊತ್ತೇ ಇರ್ಲಿಲ್ಲ" ಎಂದರು.

"ಅವತ್ತು ಇತ್ತಮ್ಮ" ಎಂದರು ಸಾರ್.

ಹೋದ ತಿಂಗಳು ವಿಜಯನಗರದ ಒಂದು ಹೋಟೆಲಿನ ಮಹಡಿಯಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡೆವು. ನಲವತ್ತು ಜನ ಸೇರಿದ್ದೆವು. ಹಾರ ಹಾಕಿದ ತಕ್ಷಣ ತೆಗೆದು ಕುರ್ಚಿಗೆ ನೇತುಹಾಕಿದರು, ಎಲೆ ಸದ್ದು ಮಾಡುತ್ತದೆಂದು. ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. ಅವರು ಆ ಮೈಕನ್ನು ಬದಿಗಿಟ್ಟು ತಮ್ಮ ಚೀಲದಿಂದ ಹಳೆಯ ರೆಕಾರ್ಡರನ್ನೂ ಹೆಡ್‌ಫೋನನ್ನೂ ತೆಗೆದರು. "ಮಾತಾಡೋದು ನನ್ನ ಕೆಲಸ ಅಲ್ಲ. ನನಗೊಂದು ನಿಮಿಷ ಕೊಡಿ. ಮನೇಲಿ ಕೇಳ್ಕೋತೀನಿ" ಎಂದರು. ಯಾರೋ ಫ್ಯಾನು ಆರಿಸಿದರು, ಕಿಟಕಿ ಮುಚ್ಚಿದರು. ಮೆಟ್ರೋ ದಾಟಿ ಹೋಗುವವರೆಗೂ ಕಾದರು. ನಲವತ್ತೂ ಜನ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತೆವು.

ಬಾಗಿಲು ತಳ್ಳಿಕೊಂಡು ವಯಸ್ಸಾದ ಸಪ್ಲೈಯರ್ ಒಬ್ಬರು ಕಾಫಿ ತಟ್ಟೆ ಹಿಡಿದು ಬಂದರು. ನಮ್ಮನ್ನು ಕಂಡು ಅಲ್ಲೇ ನಿಂತರು. ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು.

"ಯಾರು ಹೋದ್ರು ಮೇಡಂ?"

ಆ ತುದಿಯಲ್ಲಿದ್ದ ಸಾರ್ ಹೆಡ್‌ಫೋನಿನಲ್ಲಿ ಅದನ್ನೂ ಕೇಳಿಸಿಕೊಂಡರು. "ಯಾರೂ ಹೋಗಿಲ್ಲ ಸ್ವಾಮಿ. ಎಲ್ರೂ ಇದೀವಿ. ನೀವೂ ನಿಂತ್ಕೊಳ್ಳಿ" ಎಂದರು. ನಲವತ್ತು ಜನರ ನಗು ಒಡೆಯಿತು. ರೆಕಾರ್ಡಿಂಗ್ ಹಾಳಾಯಿತು.

"ಸಾರ್, ಇದು ಆಗ್ಲಿಲ್ಲ. ಇನ್ನೊಂದು ನಿಮಿಷ ತಗೊಳ್ಳಿ" ಎಂದು ನಾನೇ ಹೇಳಿದೆ. ಎಲ್ಲರೂ ಮತ್ತೆ ಸರಿಯಾಗಿ ನಿಂತರು. ಸಪ್ಲೈಯರೂ ನಮ್ಮ ಸಾಲಿಗೆ ಸೇರಿ ಕೈಕಟ್ಟಿದರು. ಕ್ಯಾಮೆರಾದವನು ಎರಡು ಕೈ ತಟ್ಟಿ ಟಪ್ ಎಂದು ಕ್ಲಾಪ್ ಕೊಟ್ಟ. ರೂಢಿಯಂತೆ ಎಲ್ಲರೂ ನನ್ನ ಬಾಯಿ ನೋಡಿದರು.

ನಾನು ಆಕ್ಷನ್ ಅನ್ನಲೇ ಇಲ್ಲ.